ಸ್ಥಳಾಂತರ ಎಂದು ಬರೆದದ್ದು

ಕೊಪ್ಪ ತಾಲ್ಲೂಕು,
ಮೇ ೫, ಭಾನುವಾರ

ಪ್ರೀತಿಯ ಸರೋಜಾ,

ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವಳಿಗೆ ಕಾಗದ ಬರೆಯುತ್ತಿದ್ದೇನೆ. ನಿನ್ನ ಮನೆಗೆ ಅರ್ಧ ಗಂಟೆಯ ದಾರಿ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ.

ಮತದಾನದ ದಿನ ನೀನು ಅತ್ತೆಯ ಕೈಹಿಡಿದು ಶಾಲೆಗೆ ಬಂದೆ. ಪಟ್ಟಿ ಹಿಡಿದು ಬಾಗಿಲ ಹೊರಗೆ ಕೂತವಳು ನಾನೇ. ನಿಮ್ಮಿಬ್ಬರ ಹೆಸರೂ ಸಿಗಲಿಲ್ಲ. "ಎಂತ ಆಯ್ತು ಮಾರಾಯ್ತಿ, ಪ್ರತಿ ಸಲ ಹಾಕಿದೀವಲ್ಲ?" ಎಂದು ನೀನು ಕೇಳಿದೆ. ಕಂಪ್ಯೂಟರಿನ ತಪ್ಪಿರಬೇಕು ಎಂದೆ ನಾನು. ನಿನ್ನ ಅತ್ತೆ ಗುರುತಿನ ಚೀಟಿಯನ್ನು ನನ್ನ ಮುಂದೆ ಹಿಡಿದು, "ನಾ ಇಲ್ಲೇ ಇದೀನಲ್ಲ ಮಗಾ, ಸರಿಯಾಗಿ ನೋಡು" ಎಂದರು. ಇಲ್ಲವೆಂದು ಗೊತ್ತಿದ್ದೂ ಹುಡುಕಿದಂತೆ ಹಾಳೆ ತಿರುವಿದೆ.

ಕಂಪ್ಯೂಟರಿನ ತಪ್ಪಲ್ಲ ಸರೋಜಾ. ನಿಮ್ಮ ತೋಟದ ಲೈನಿನಲ್ಲಿ, ಆ ಕೂಲಿಮನೆಗಳ ಸಾಲಿನಲ್ಲಿ, ಇರುವ ಹದಿನೇಳು ಜನರ ಹೆಸರಿನ ಎದುರು ‘ಸ್ಥಳಾಂತರ’ ಎಂದು ಬರೆದು ಸಹಿ ಹಾಕಿದವಳು ನಾನು. ಅಂಗನವಾಡಿಯ ಜೊತೆ ಮತದಾರರ ಪಟ್ಟಿಯ ಕೆಲಸವೂ ನನ್ನದೇ ಅಲ್ಲವೇ? ಮನೆಮನೆಗೆ ಹೋಗಿ ನೋಡಿ ಬರೆಯಬೇಕಿತ್ತು. ತೋಟದ ಯಜಮಾನ ಯೋಗೇಂದ್ರಗೌಡರು, "ಲೈನಿನವ್ರೆಲ್ಲ ಮುತ್ತಿನಕೊಪ್ಪ ಕಡೆ ಹೋದ್ರಮ್ಮ, ಸುಮ್ನೆ ಗುಡ್ಡ ಯಾಕೆ ಹತ್ತುತ್ತೀಯ?" ಎಂದರು. ಅಂದು ಕಾಲು ನೋಯುತ್ತಿತ್ತು, ನಂಬಿಬಿಟ್ಟೆ. ನೀವು ಮನೆ ಜಾಗದ ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟ ಮೇಲೆ ಅವರಿಗೆ ಎಷ್ಟು ಸಿಟ್ಟು ಎಂದು ಊರಿಗೆಲ್ಲ ಗೊತ್ತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ, ಅಲ್ಲೇ ಇದ್ದೀರಿ ಎನ್ನಲು ಒಂದು ದಾಖಲೆ ಕಡಿಮೆ. ಆದರೂ ನಾನು ಎದುರು ಮಾತಾಡಲಿಲ್ಲ. ಅಂಗನವಾಡಿ ನಡೆಯುವುದು ಅವರು ಬಿಟ್ಟುಕೊಟ್ಟ ಕೋಣೆಯಲ್ಲಿ.

ಶುಕ್ರವಾರ ತಾಲ್ಲೂಕು ಕಚೇರಿಗೆ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟೆ. "ಹೋಗಿ ನೋಡದೆ ಸಹಿ ಹಾಕಿದ್ರಾ?" ಎಂದು ಗುಮಾಸ್ತರು ಎಲ್ಲರೆದುರು ಕೇಳಿದರು. ಹೂಂ ಎಂದೆ. ಕೆಲಸ ಹೋಗಬಹುದು, ಕನಿಕರ ಪಡಬೇಡ. ಹದಿನೇಳು ಹೊಸ ಅರ್ಜಿ ಇದರ ಜೊತೆಗಿವೆ. ತುಂಬಿ ನನ್ನ ಕೈಗೆ ಕೊಡಬೇಡಿ. ನೀವೇ ಕಚೇರಿಗೆ ಕೊಟ್ಟು ರಸೀತಿ ತೆಗೆದುಕೊಳ್ಳಿ. ಹೆಸರುಗಳು ಮತ್ತೆ ಸೇರುತ್ತವೆ. ಈ ಸಲದ ಮತವನ್ನು ಮಾತ್ರ ನಾನು ತಂದುಕೊಡಲಾರೆ.

ಅತ್ತೆಗೆ ನಮಸ್ಕಾರ ತಿಳಿಸು ಎನ್ನಲೂ ನಾಚಿಕೆಯಾಗುತ್ತದೆ.

ನಿನ್ನ ಗೆಳತಿ ಎಂದು ಬರೆಯಲಾಗದ,
ಮೇಘನ

ತಾ.ಕ.: ಕಾಲು ನೋಯುತ್ತಿತ್ತು ಎಂದದ್ದು ಸುಳ್ಳು. ಅಂದು ನಾನು ಗುಡ್ಡ ಹತ್ತಿ ಬಂದಿದ್ದೆ. ನೀನು ಅಂಗಳದಲ್ಲಿ ಕೂತು ಅತ್ತೆಯ ತಲೆ ಬಾಚುತ್ತಿದ್ದೆ. ಬೆನ್ನು ನನ್ನ ಕಡೆಗಿತ್ತು. ಕರೆಯದೆ ಇಳಿದುಹೋದೆ. ಸಹಿ ಹಾಕಿದ್ದು ಆಮೇಲೆ. ಇದನ್ನು ನಾನು ಕಚೇರಿಯಲ್ಲಿ ಹೇಳಿಲ್ಲ. ಈ ಕಾಗದವನ್ನು ಅಲ್ಲಿ ತೋರಿಸಬೇಕು ಅನ್ನಿಸಿದರೆ ತೋರಿಸು.