ಚಾವಿ ಇಳಿದ ಮೇಲಿನ ತಾಳ

ಕೊಪ್ಪಳ
೧೧-೨-೧೯೩೮, ಶುಕ್ರವಾರ

ಪ್ರೀತಿಯ ಮಗ ಅಮರಪ್ಪನಿಗೆ,

ನಿನ್ನ ಅವ್ವನ ಆಶೀರ್ವಾದ. ಧಾರವಾಡದ ಥಂಡಿಗೆ ನಿನ್ನ ಕೆಮ್ಮು ಹೇಗಿದೆ? ಗುರುಗಳ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲಾ ನಾಚಿಕೊಂಡು ಅರ್ಧ ರೊಟ್ಟಿಗೇ ಏಳುತ್ತೀಯೋ? ನಿನ್ನ ಗುಣ ನನಗೆ ಗೊತ್ತು. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನಿಮ್ಮಪ್ಪನೂ ಆರಾಮ ಎಂದು ಬರೆಯಲು ಮಾತ್ರ ಕೈ ಏಳುತ್ತಿಲ್ಲ. ಜ್ವರವಿಲ್ಲ, ನೋವಿಲ್ಲ, ಊಟ ಚೆನ್ನಾಗಿಯೇ ಮಾಡುತ್ತಾರೆ. ಆದರೂ ನನಗೆ ಬಹಳ ಗಾಬರಿಯಾಗಿದೆ.

ಇವತ್ತು ನಮ್ಮ ಅರಿವೆ ಅಂಗಡಿಗೆ ರಜೆ. ಮನೆಯಲ್ಲಿ ಗುಬ್ಬಿ ಕೂತರೂ ಕೇಳುವಷ್ಟು ಶಾಂತಿ. ಮಧ್ಯಾಹ್ನ ದರ್ಜಿ ಉಮರಸಾಬ ಹೈದರಾಬಾದಿನಿಂದ ತಂದ ಹೊಸ ಪಿಟೀಲಿನ ರಿಕಾರ್ಡು ಹಿಡಿದುಕೊಂಡು ಬಂದ. ನಿಮ್ಮಪ್ಪನ ಸಂಭ್ರಮ ಕೇಳಬೇಡ. ಏನು ಕೈ ಅಮರಪ್ಪಾ ಅದು! ಜೋಳ ಹಸನು ಮಾಡುತ್ತಿದ್ದವಳು ಮೊರ ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತುಬಿಟ್ಟೆ. ನಿಮ್ಮಪ್ಪ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ರಿಕಾರ್ಡಿನ ಎರಡನೇ ಮಗ್ಗುಲು ಅರ್ಧಕ್ಕೆ ಬಂದಾಗ ಗ್ರಾಮೋಫೋನಿಗೆ ಸುತ್ತಿ ಕೊಟ್ಟಿದ್ದ ಚಾವಿ ಇಳಿಯಿತು. ಪಿಟೀಲು ನರಳಿ ನರಳಿ ನಿಂತೇಹೋಯಿತು. ನಿಮ್ಮಪ್ಪನ ಕೈ ನಿಲ್ಲಲಿಲ್ಲ. ಅದೇ ತಾಳ, ಅದೇ ನಗುಮುಖ. ನಿಂತ ಪೆಟ್ಟಿಗೆಯ ಮುಂದೆ ಕೂತು, "ವಾಹ್ ಉಮರಸಾಬ, ಹೆಂಗ ಬಾರಿಸ್ಯಾನ ನೋಡು!" ಎಂದರು. ಉಮರಸಾಬ ನನ್ನ ಮುಖ ನೋಡಿದ. "ಹೌದ್ರಿ ಸಾವ್ಕಾರ್ರ, ಭಾಳ ಛಲೋ ಬಾರಿಸ್ಯಾನ್ರಿ" ಎಂದು ಜೋರಾಗಿ ಹೇಳಿ, ಮೆಲ್ಲಗೆ ಮುಳ್ಳು ಎತ್ತಿಟ್ಟ.

ಯಾರಾದರೂ ತಾಳದ ಒಂದು ಮಾತ್ರೆ ತಪ್ಪಿದರೂ ಮುಖ ಸಿಂಡರಿಸುವ ಮನುಷ್ಯ! ದೀಪಾವಳಿಯಿಂದ "ಈಗಿನ ರಿಕಾರ್ಡು ಭಾಳ ಮೆತ್ತಗ ಅದಾವ" ಎಂದು ಗೊಣಗುತ್ತ ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ನಾನು ನಕ್ಕಿದ್ದೆ. ಕರೆದಾಗ ಓಗೊಡದಿದ್ದರೆ ಸಿಟ್ಟು ಬಂದಿದೆ ಎಂದುಕೊಂಡು ನಾನೂ ಎರಡು ದಿನ ಮಾತು ಬಿಟ್ಟಿದ್ದೆ. ನೆನೆಸಿಕೊಂಡರೆ ಈಗ ಅಳು ಬರುತ್ತದೆ. ಇನ್ನೆಷ್ಟು ದಿನ ಕೇಳಿಸುತ್ತದೋ ಏನೋ. ಕಿವಿಯ ಮಾತೆತ್ತಿದರೆ ಹಾರಿಬೀಳುತ್ತಾರೆ, ಡಾಕ್ಟರ ಹತ್ತಿರ ಹೇಗೆ ಕರೆದೊಯ್ಯಲಿ?

ನಾಲ್ಕು ವರ್ಷದ ಹಿಂದೆ "ಪಿಟೀಲು ಕೇಳಾಕ ಛಲೋ, ಹೊಟ್ಟಿ ತುಂಬಸಾಕಲ್ಲ" ಎಂದು ಅವರು ಅಂದರು. ಅಪ್ಪ ತಾನಾಗಿ ಕರೆಯುವವರೆಗೆ ಈ ಮನೆಗೆ ಬರುವುದಿಲ್ಲ ಎಂದು ನೀನು ಪಿಟೀಲು ಕಲಿಯಲು ಧಾರವಾಡಕ್ಕೆ ಹೊರಟೆ. ಊರೂರಿನವರ ಪಿಟೀಲು ಕೇಳಿದ ಮನುಷ್ಯ ಮಗನದೊಂದನ್ನು ಕೇಳಿಲ್ಲ. ಇಬ್ಬರದೂ ಒಂದೇ ಹಟ, ನಡುವೆ ನಾನು. ಸಿಟ್ಟು ಆಮೇಲೆ ಮಾಡುವಿಯಂತೆ, ಈಗ ಬಂದುಬಿಡು ಮಗನೇ. ನಾನು ಬರೆದೆ ಎಂದು ಮಾತ್ರ ಹೇಳಬೇಡ.

ಗುರುಗಳಿಗೂ ಅವರ ಮನೆಯವರಿಗೂ ನನ್ನ ಶರಣು ತಿಳಿಸು. ನೂರು ವರ್ಷ ಬಾಳು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಶಂಕ್ರಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಪೆಟ್ಟಿಗೆಯ ಚಾವಿ ತಿರುಗಿಸಿ ನೋಡಿ, ಬಂದು ಎದುರಿಗೆ ಕೂತರು. ಕಾಗದವನ್ನು ಸೆರಗಿನಡಿ ಮುಚ್ಚಿಕೊಂಡೆ. "ರಿಕಾರ್ಡು ಅರ್ಧಕ್ಕ ನಿಂತಿತ್ತಲ್ಲ, ಚಾವಿ ಯಾವಾಗ ಇಳೀತು?" ಎಂದು ಕೇಳಿದರು. ನಾನು ಎದ್ದು ದೀಪದ ಬತ್ತಿ ಏರಿಸಿದೆ. ಆಮೇಲೆ ಅವರೇ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಅಮರಗ ನಾನು ಕರದೀನಿ ಅಂತ ಬರಿ. ಪಿಟೀಲು ತಗೊಂಡು ಲಗೂನ ಬರಲಿ. ನನ್ನ ಬಲಗಡೆ ಕುಂತು ಬಾರಸ್ಲಿ, ಆ ಕಿವಿ ಇನ್ನಾ ಸ್ವಲ್ಪ ಕೇಳತೈತಿ."