ನೀರಾಟದ ಹೋಟೆಲಲ್ಲಿ ವಕೀಲರ ಪಾಠ

ಡೆಲ್ಸ್, ವಿಸ್ಕಾನ್ಸಿನ್
ಡಿಸೆಂಬರ್, ಗುರುವಾರ

ಅಕ್ಕಾ,

ವಕೀಲರು ಇಷ್ಟು ಗಂಟೆ ಅಂತ ಕೇಳಲೇಬೇಕಾದ ಕಡ್ಡಾಯ ಪಾಠ ಮುಗಿಸದಿದ್ದರೆ ವಕೀಲಿಕೆಗೇ ಕುತ್ತು ಅಂತ ಎಂದಿನ ಹಾಗೆ ವರ್ಷದ ಕೊನೇಲಿ ಓಡಿಬಂದಿದ್ದೀನಿ. ಈ ಸಲ ಪಾಠ ಇಟ್ಟಿರೋದು ಒಳಗೇ ಈಜುಕೊಳ, ಜಾರುಬಂಡೆ ಇರೋ ಮಕ್ಕಳ ನೀರಾಟದ ಹೋಟೆಲಲ್ಲಿ. ಹೊರಗೆ ಹಿಮ ಸುರೀತಿದೆ, ಲಿಫ್ಟಲ್ಲಿ ಸೂಟು ತೊಟ್ಟ ವಕೀಲರ ಮಧ್ಯೆ ಚಡ್ಡಿ ಹಾಕಿದ ಒದ್ದೆ ಮಕ್ಕಳು.

ಇವತ್ತು ವೃತ್ತಿಧರ್ಮದ ತರಗತಿ. "ಒಬ್ಬರೇ ಆಫೀಸು ನಡೆಸೋರು ನಾಳೆ ಸತ್ತರೆ ನಿಮ್ಮ ಕಕ್ಷಿದಾರರಿಗೆ ಯಾರು ಗತಿ? ಪಕ್ಕದವರಿಗೆ ಹೇಳಿ" ಅಂದರು ಪಾಠ ಮಾಡೋ ಮೇಡಂ. ನನ್ನ ಪಕ್ಕದಲ್ಲಿ ಕೂತಿದ್ದವನು ಆರ್ವಿಡ್ ಓಸ್ಟ್‌ಬಿ. ಕೋರ್ಟಲ್ಲಿ ಸದಾ ನನಗೆ ಎದುರು ನಿಲ್ಲೋ, ನೀನು ಕೋಣ ಅಂತ ಕರೆಯೋ ಅದೇ ಆಸಾಮಿ.

"ನನಗೆ ಯಾರೂ ಇಲ್ಲ" ಅಂದೆ.

"ಯಾಕೆ, ನಾನಿಲ್ವಾ?"

"ನೀನಾ? ನನ್ನ ಕೇಸೆಲ್ಲ ಸೋಲಿಸಿಬಿಡ್ತೀಯ."

"ನೀನು ಬದುಕಿರೋವಾಗ್ಲೇ ಸೋಲಿಸ್ತಿದ್ದೀನಲ್ಲ. ಸತ್ತಮೇಲಾದ್ರೂ ಗೆಲ್ಲಿಸ್ತೀನಿ ಬಿಡು" ಅಂದ. ಆಮೇಲೆ ನಗದೆ, "ನಾನು ಎದುರು ನಿಂತಿರೋ ಕೇಸು ಬೇರೆಯವರಿಗೆ ಕೊಡಿಸ್ತೀನಿ, ಮಿಕ್ಕಿದ್ದೆಲ್ಲ ನಂದು" ಅಂತ ಸೇರಿಸಿದ.

ಹೃದಯದ ಆಪರೇಷನ್ ಯಾಕೆ ಮುಂದಕ್ಕೆ ಹಾಕ್ತೀಯ ಅಂತ ಬೈತಿದ್ದೆಯಲ್ಲ, ಹೆದರಿಕೆಗಲ್ಲ ಅಕ್ಕ. ನನ್ನ ನಂಬಿದ ಜನಾನ ಯಾರ ಕೈಗೆ ಒಪ್ಪಿಸಲಿ ಅನ್ನೋದೇ ಚಿಂತೆಯಾಗಿತ್ತು. ಮಧ್ಯಾಹ್ನ ಆಸ್ಪತ್ರೆಗೆ ಫೋನ್ ಮಾಡಿದೆ. ಆಪರೇಷನ್ ಜನವರಿಗೆ ನಿಗದಿಯಾಯ್ತು. ಮಾತ್ರೆ ತಪ್ಪಿಸ್ತಿಲ್ಲ, ಉಸಿರು ಪರವಾಗಿಲ್ಲ.

ಮುಂದಿನ ತರಗತಿಗೆ ಬೆಲ್ ಹೊಡೀತು, ಈ ಕಾರ್ಡಲ್ಲೂ ಬರೆಯೋಕೆ ಜಾಗ ಇಲ್ಲ. ಕ್ರಿಸ್ಮಸ್ ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡು. ಕೋಣ ಬರ್ತಿದೆ.

ನಿನ್ನ ಲೋರೀನ್