ಬರ್ತೀನಿ ಅಂದಾಕಿ

ಸೆಪ್ಟೆಂಬರ್ 23, ಸೋಮವಾರ

ಮಹಡಿಯ ಗೀಝರ್ ಇವತ್ತೂ ಆಫ್ ಮಾಡದೆ ಹೋಗಿದ್ದಾಳೆ. ಪ್ರಿನ್ಸಿಪಾಲ್ ಮೇಡಂ "ಪೂರ್ಣಿಮಾ, ನಿಮ್ಮ ಸದಾಶಿವನಗರದ ಮನೆ ದೊಡ್ಡದಲ್ಲವೇ?" ಎಂದಾಗಲೇ ನನಗೆ ತಿಳಿಯಬೇಕಿತ್ತು. ಹಾಗೆ ನಮ್ಮ ಮಹಡಿಗೆ ಬಂದವಳು ಕ್ಲೇರ್, ಫ್ರಾನ್ಸಿನ ಹುಡುಗಿ. ನಮ್ಮ ಶಾಲೆಯ ಮಕ್ಕಳ ಜೊತೆ ಫ್ರೆಂಚ್ ಮಾತಾಡುವುದೇ ಕೆಲಸ, ಮಾರ್ಚ್ ತನಕ. ಮಾತಾಡುವುದಕ್ಕೂ ಸಂಬಳ!

ಆದರೆ ಕಲಿಯುವ ಆಸೆ ಇದೆ. ಎಲ್ಲಿಂದ ಎದ್ದರೂ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು ಎಂದು ಹೇಳಿಕೊಟ್ಟೆ. ಈಗ ಹಾಲಿನವನಿಗೂ ಅದೇ, ಬ್ಯಾಂಕಿನ ವಾಚ್‌ಮನ್‌ಗೂ ಅದೇ. ಆಟೋ ಸಾತಪ್ಪ ಕೇಳಿದ: "ಏನ್ರಿ ಅಕ್ಕೋರ, ಬಾಡಿಗಿ ಕೊಟ್ಟ ಇಳದ ಮ್ಯಾಲೂ ಹೋಗಿ ಬರ್ತೀನಿ ಅಂತಾರ. ನಾ ಅಲ್ಲೇ ನಿಂದ್ರಬೇಕೇನ?" ನಕ್ಕು ಸಾಕಾಯಿತು.

ಅಕ್ಟೋಬರ್ 6, ರವಿವಾರ

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯಲಿ… ಅಕ್ಕನ ಮಗ ವಿನಯ ಹೋದ. ಬೈಕು, ಟ್ರಕ್ಕು. ಇದ್ದವನೊಬ್ಬನೇ ಮಗ.

ಮಣ್ಣು ಮುಗಿದ ಮೇಲೆ ಇವತ್ತು ದುಃಖದಲ್ಲಿದ್ದವರನ್ನು ಮಾತಾಡಿಸಲು ಅಕ್ಕನ ಊರು ಖಾನಾಪುರಕ್ಕೆ ಹೋದೆವು, ನಾನು ಮತ್ತು ನಮ್ಮವರು. ಕ್ಲೇರ್ ತಾನೂ ಬರುತ್ತೇನೆ ಎಂದಳು. ಬಂದ ಹೊಸದರಲ್ಲಿ ಅವಳಿಗೆ ಕೋಟೆ ತೋರಿಸಿದವನು ವಿನಯನೇ.

ಸಾವಿನ ಮನೆಯಿಂದ ಏಳುವಾಗ ಯಾರೂ 'ಬರ್ತೀನಿ' ಅನ್ನುವುದಿಲ್ಲ. ಇಂಥದ್ದಕ್ಕೆ ಮತ್ತೆ ಬರುವಂತಾಗಬಾರದು. ಸುಮ್ಮನೆ ಎದ್ದು ನಡೆಯುವುದು. ಒಡಹುಟ್ಟಿದವರಿಗೂ ಅದೇ ರೂಢಿ. ಹಾಗೇ ಎದ್ದೆವು. ಕ್ಲೇರ್ ಬಾಗಿಲಲ್ಲಿ ತಿರುಗಿದಳು. ಕೈ ಮುಗಿದಳು.

"ಹೋಗಿ ಬರ್ತೀನ್ರಿ, ಅಕ್ಕಾರ."

ಕೂತ ಹೆಂಗಸರೆಲ್ಲ ಕತ್ತೆತ್ತಿದರು. ಪಕ್ಕದ ಮನೆಯ ಮಾಯಕ್ಕ "ಯವ್ವಾ, ಎಂಥಾ ಮಾತ ಆಡಿತಲ್ಲ ಈ ಹುಡುಗಿ!" ಎಂದಳು. ಅಕ್ಕ ಮಾತ್ರ ಗೋಡೆ ನೋಡುತ್ತಲೇ ಇದ್ದಳು.

ಕಾರಿನಲ್ಲಿ ಬಾಯಿಗೆ ಬಂದಂತೆ ಬೈದೆ. ಅವಳು ಅಳುತ್ತ "ನೀವೇ ಕಲಿಸಿದಿರಿ" ಎಂದಳು. ಖರೇ. ಎಲ್ಲಿ ಅನ್ನಬಾರದು ಎಂಬುದನ್ನು ಕಲಿಸಿರಲಿಲ್ಲ.

ಅಕ್ಟೋಬರ್ 17, ಗುರುವಾರ

ಈರಣ್ಣ ಭಾವನ ಫೋನ್. "ನಿಮ್ಮ ಅಕ್ಕಾ ಒಲಿ ಹಚ್ಚವಲ್ಲಳ ಪೂರ್ಣಿಮಾ. ನಾ ಖಾನಾವಳ್ಯಾಗ ಉಣ್ಣಾಕತ್ತೀನಿ. ಆಕಿಗೆ ಡಬ್ಬಿ ತಂದಿಟ್ರ ಮುಟ್ಟೂದಿಲ್ಲ. ಹಿಂಗಾದ್ರ ಆಕೀನೂ ಉಳಿಯೂದಿಲ್ಲ."

ಹೋಗಬೇಕು. ವಿನಯನ ಫೋಟೋದ ಎದುರು ಕೂರುವ ಧೈರ್ಯ ನನಗಿಲ್ಲ. ಮುಂದಿನ ವಾರ ನೋಡೋಣ.

ಅಕ್ಟೋಬರ್ 30, ಬುಧವಾರ

ಮುಂದಿನ ವಾರವೂ ಹೋಗಲಿಲ್ಲ. ಇವತ್ತು ಅಕ್ಕನೇ ಫೋನ್ ಮಾಡಿದಳು.

"ಆ ಹುಡುಗಿ ಬರ್ತೀನಿ ಅಂದಿತ್ತಲ್ಲ. ಯಾವಾಗ ಬರ್ತೈತಿ?"

"ಅಕ್ಕಾ, ಅದಕ್ಕ ಗೊತ್ತಿಲ್ಲದ…"

"ಮಾತಾಡಸಾಕ ಬಂದವರು ಎಲ್ಲಾರೂ ಎದ್ದ ಹೋದ್ರು, ನೀನೂ ಹೋದಿ. ಬರ್ತೀನಿ ಅಂದಾಕಿ ಆಕಿ ಒಬ್ಬಾಕಿ. ಕಳಸ."

ನವೆಂಬರ್ 3, ರವಿವಾರ

ಕ್ಲೇರ್ ಒಬ್ಬಳೇ ಬಸ್ಸಿಗೆ ಹೋಗಿ ಬಂದಳು. ಅಕ್ಕ ಒಲೆ ಹಚ್ಚಿ ರೊಟ್ಟಿ ಬಡಿದಳಂತೆ! "ನನಗೆ ಒಂದು, ಅವರಿಗೆ ಅರ್ಧ" ಎಂದು ಕ್ಲೇರ್ ಕೈಯಲ್ಲಿ ತೋರಿಸಿದಳು. ಭಾವ ಫೋನಿನಲ್ಲಿ ಅತ್ತೇ ಬಿಟ್ಟರು.

ಜನವರಿ 19, ರವಿವಾರ

ಕ್ಲೇರ್‌ಗೆ ಪ್ರತಿ ರವಿವಾರ ಖಾನಾಪುರ. ಅಕ್ಕ ವಿನಯನ ಸುದ್ದಿ ಹೇಳುತ್ತಾಳಂತೆ, ಹುಟ್ಟಿದಾಗಿನಿಂದ. ತಿಳಿಯುತ್ತದೆಯೇ ಎಂದೆ. "ಅರ್ಧ" ಎಂದಳು. "ಅವರು ನಿಲ್ಲಿಸೋದಿಲ್ಲ, ನಾನೂ ಏಳೋದಿಲ್ಲ." ಅಕ್ಕ ಇವಳನ್ನು ಕ್ಲಾರವ್ವ ಎಂದು ಕರೆಯುತ್ತಾಳೆ.

ಹೊಟ್ಟೆಕಿಚ್ಚು ನನಗೆ. ಇಲ್ಲಿಯಾದರೂ ಬರೆದುಬಿಡುತ್ತೇನೆ. ಬೆನ್ನಿಗೆ ಬಿದ್ದ ತಂಗಿ ನಾನು.

ಮಾರ್ಚ್ 12, ಬುಧವಾರ

ಈ ತಿಂಗಳ ಕೊನೆಗೆ ಅವಳ ವೀಸಾ ಮುಗಿಯುತ್ತದೆ. ಯಾರದೋ ಊರಿನ ಸುದ್ದಿ ಕೇಳಿದಂತೆ ಕೇಳಿ ಅಕ್ಕ ರೊಟ್ಟಿ ಬಡಿಯುತ್ತಲೇ ಇದ್ದಳಂತೆ. ನಮ್ಮ ಅಡಿಗೆಮನೆ ಕಟ್ಟೆಯ ಮೇಲೆ ಕೂತು ಕ್ಲೇರ್ ಕೇಳಿದಳು: "ಕೊನೆಯ ದಿನ ಬಾಗಿಲಲ್ಲಿ ಏನು ಹೇಳಲಿ? ಬರ್ತೀನಿ ಅಂದರೆ ಸುಳ್ಳು. ಅನ್ನದಿದ್ದರೆ ನಾನೂ ಎಲ್ಲರ ಹಾಗೆ."

ಕಲಿಸಿದವಳು ನಾನೇ.

ಮಾರ್ಚ್ 23, ರವಿವಾರ

ನಾನೂ ಜೊತೆಗೆ ಹೋದೆ. ಊಟವಾಯಿತು. ಕ್ಲೇರ್ ಬಾಗಿಲಲ್ಲಿ ಶೂ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ನನ್ನ ಮುಖ ನೋಡಿದಳು. ನಾನು ಬೀದಿ ನೋಡಿದೆ.

ಅಕ್ಕನೇ ಅವಳ ಗಲ್ಲ ಹಿಡಿದಳು. "ಹೇಳ ಯವ್ವಾ. ಸುಳ್ಳಾದ್ರೂ ಹೇಳ."

"ಹೋಗಿ ಬರ್ತೀನ್ರಿ, ಅಕ್ಕಾರ."

"ಹೂಂ. ಬಾ."



ಮಾರ್ಚ್ 30, ರವಿವಾರ, ಯುಗಾದಿ

ಮಹಡಿ ಖಾಲಿ. ಗೀಝರ್ ಆಫ್ ಮಾಡಿಯೇ ಹೋಗಿದ್ದಾಳೆ, ಮಹಾತಾಯಿ.

ಬೆಳಿಗ್ಗೆ ಭಾವನ ಫೋನ್: ಮತ್ತೆ ಒಲೆ ಹಚ್ಚಿಲ್ಲ. "ಹಬ್ಬದ ದಿನ ಎಲ್ಲಿಗೆ?" ಎಂದರು ನಮ್ಮವರು. ಹಬ್ಬ ಯಾರಿಗೆ ಬೇಕಾಗಿದೆ! ಹೋದೆ. ಫೋಟೋದ ಎದುರೇ ಕೂತೆ. ಇಬ್ಬರೂ ಅತ್ತೆವು, ಮನಸಾರೆ. ಅಕ್ಕ ಏನೂ ಮುಟ್ಟಲಿಲ್ಲ.

ಸಂಜೆ ಚಪ್ಪಲಿ ಹಾಕಿಕೊಂಡೆ. ಅವಳು ಬಾಗಿಲಿಗೆ ಬಂದು ನನ್ನ ಬಾಯನ್ನೇ ನೋಡುತ್ತ ನಿಂತಳು. ಒಳಗೆ ಮಾಯಕ್ಕ ಇದ್ದಳು. ಇರಲಿ.

"ಹೋಗಿ ಬರ್ತೀನಿ, ಅಕ್ಕಾ. ರವಿವಾರ."

"ಖರೇನ?"

"ಖರೇ."

ಏಪ್ರಿಲ್ 6, ರವಿವಾರ, ಬೆಳಿಗ್ಗೆ

ಡಬ್ಬಿ ಕಟ್ಟಲು ಹೊರಟಿದ್ದೆ. ಈಗಷ್ಟೇ ಅಕ್ಕನ ಫೋನ್: "ಏನೂ ತರಬ್ಯಾಡ. ಹಿಟ್ಟ ನಾದಾಕತ್ತೀನಿ." ಸಾತಪ್ಪನ ಆಟೋ ಗೇಟಿಗೆ ಬಂತು, ಹಾರ್ನ್ ಹೊಡೆಯುತ್ತಿದ್ದಾನೆ. ಉಳಿದದ್ದು ಹೋಗಿ ಬಂದು—